ನಾಲ್ಕು ಎಎಎಫ್, ಹನ್ನೊಂದು ದಿನ: ಟೈಮ್‌ಲೈನ್‌ನಿಂದ ಮಿಕ್ಸಿಂಗ್‌ಗೆ ಸೌಂಡ್ ದಾಟಿಸಿದ ಕಥೆ

ನಿನ್ನೆ ರಾತ್ರಿ ಫೈನಲ್ ಮಿಕ್ಸ್ ಕೈಗೆ ಬಂತು. 38 ನಿಮಿಷದ ಸಾಕ್ಷ್ಯಚಿತ್ರ. ಹಳೇ ಗಡಿಯಾರ ರಿಪೇರಿ ಮಾಡುವ ಒಬ್ಬ ಹಿರಿಯರ ಬಗ್ಗೆ. ಎಡಿಟಿಂಗ್ ನಾನೇ ಮಾಡಿದ್ದು, ಸೌಂಡ್ ಮಾತ್ರ ಬೇರೆಯವರ ಕೈಗೆ ಕೊಟ್ಟೆ. ಎಡಿಟಿಂಗ್ ಸಾಫ್ಟ್‌ವೇರ್‌ನಿಂದ ಆಡಿಯೋ ತೆಗೆದು ಮಿಕ್ಸಿಂಗ್ ಮಾಡುವವರಿಗೆ ಕಳಿಸೋದು ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡಿದ್ದೆ. ಮೆನುವಿನಲ್ಲಿ ಎಕ್ಸ್‌ಪೋರ್ಟ್ ಅಂತ ಇರುತ್ತೆ, ಒತ್ತಿದರೆ ಆಯ್ತು, ಅಲ್ವಾ?

ಹನ್ನೊಂದು ದಿನ ಹಿಡಿಯಿತು. ಅದೂ ಮಿಕ್ಸಿಂಗ್‌ಗಲ್ಲ. ಅವರು ಮಿಕ್ಸಿಂಗ್ ಶುರು ಮಾಡೋಕೆ! ನಾಲ್ಕು ಸಲ ಎಎಎಫ್ (ಟೈಮ್‌ಲೈನ್‌ನ ಆಡಿಯೋ ಕ್ಲಿಪ್‌ಗಳನ್ನ ಅವುಗಳ ಜಾಗ ಸಮೇತ ಇನ್ನೊಂದು ಸಾಫ್ಟ್‌ವೇರ್‌ಗೆ ದಾಟಿಸುವ ಫೈಲ್) ಕಳಿಸಿದೆ. ಮೂರು ಸಲ ವಾಪಸ್ ಬಂತು. ನಾನು ಸೌಂಡ್ ಎಂಜಿನಿಯರ್ ಅಲ್ಲ, ಬರೀ ಎಡಿಟರ್. ಹಾಗಾಗಿ ಇದು ಪಾಠ ಅಲ್ಲ. ಎಲ್ಲೆಲ್ಲಿ ಎಡವಿದೆ ಅನ್ನೋದನ್ನ ನೆನಪು ಹಸಿಯಾಗಿರುವಾಗಲೇ ಬರೆದಿಡ್ತಾ ಇದ್ದೀನಿ. ಮೊದಲ ಸಲ ಮಾಡುವವರಿಗೆ ನಾಲ್ಕು ದಿನ ಉಳಿದರೂ ಸಾಕು.

ಮೊದಲ ಪ್ರಶ್ನೆ ನನ್ನದೇ ಆಗಿತ್ತು. ಇಡೀ ಸೌಂಡನ್ನ ಒಂದೇ ವೇವ್ ಫೈಲ್ ಮಾಡಿ ಕೊಟ್ಟರೆ ಆಗಲ್ವಾ? ಆಗಲ್ಲ. ಒಂದೇ ಫೈಲ್ ಆದ ಮೇಲೆ ಮಾತು, ಮ್ಯೂಸಿಕ್, ಹಿನ್ನೆಲೆ ಸದ್ದು ಎಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತೆ. ಮಾತನ್ನ ಸ್ವಲ್ಪ ಏರಿಸಿದರೆ ಹಿಂದಿನ ಫ್ಯಾನ್ ಸದ್ದೂ ಏರುತ್ತೆ, ಮ್ಯೂಸಿಕ್ಕೂ ಏರುತ್ತೆ. ಮಿಕ್ಸ್ ಮಾಡುವವರಿಗೆ ಪ್ರತಿಯೊಂದು ಕ್ಲಿಪ್ ಬೇರೆ ಬೇರೆಯಾಗಿ, ಟೈಮ್‌ಲೈನ್‌ನಲ್ಲಿ ತನ್ನ ತನ್ನ ಜಾಗದಲ್ಲೇ ಕೂತಿರಬೇಕು. ಅದಕ್ಕೆ ಇರೋದು ಎಎಎಫ್, ಮತ್ತೆ ಅದಕ್ಕಿಂತ ಹಳೆಯ ಒಎಂಎಫ್. ಒಎಂಎಫ್ ಫೈಲ್ 2 ಜಿಬಿ ದಾಟುವಂತಿಲ್ಲ. ಉದ್ದದ ಕೆಲಸ ಆದರೆ ತುಂಡು ತುಂಡು ಮಾಡಬೇಕಾಗುತ್ತೆ. ಮಿಕ್ಸ್ ಮಾಡುವವರೇ ಬೇಕು ಅಂತ ಕೇಳಿದರೆ ಬಿಟ್ಟು ಅದರ ತಂಟೆಗೆ ಹೋಗಬೇಡಿ.

ಎಲ್ಲ ಸಾಫ್ಟ್‌ವೇರ್‌ನಲ್ಲೂ ದಾರಿ ಒಂದೇ ಥರ ಇರಲ್ಲ. ಪ್ರೀಮಿಯರ್ ಪ್ರೊದಲ್ಲಿ ಎಕ್ಸ್‌ಪೋರ್ಟ್ ಮೆನುವಿನಲ್ಲೇ ಎಎಎಫ್ ಸಿಗುತ್ತೆ. ಡಾವಿಂಚಿ ರಿಸಾಲ್ವ್‌ನ ಡೆಲಿವರ್ ಪುಟದಲ್ಲಿ ಪ್ರೊ ಟೂಲ್ಸ್ ಎನ್ನುವ ಮಿಕ್ಸಿಂಗ್ ಸಾಫ್ಟ್‌ವೇರ್‌ಗೆ ಅಂತಲೇ ಒಂದು ಪ್ರೀಸೆಟ್ ಇದೆ. ಫೈನಲ್ ಕಟ್ ಪ್ರೊ ಬಳಸುವವರು ಎಫ್‌ಸಿಪಿಎಕ್ಸ್‌ಎಂಎಲ್ ಎನ್ನುವ ಅದರದೇ ಫೈಲ್ ತೆಗೆದು, ಅದನ್ನ ಎಕ್ಸ್2ಪ್ರೊ ಎನ್ನುವ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಎಎಎಫ್ ಮಾಡಿಕೊಳ್ತಾರೆ. ಮಿಕ್ಸ್ ಮಾಡುವವರ ಕಡೆ ಇರೋದು ಲಾಜಿಕ್ ಪ್ರೊ ಆದರೆ ಎಫ್‌ಸಿಪಿಎಕ್ಸ್‌ಎಂಎಲ್ ಅನ್ನೇ ನೇರ ಓದುತ್ತೆ. ರೀಪರ್ ಎನ್ನುವ ಆಡಿಯೋ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವವರು ಸಾಮಾನ್ಯವಾಗಿ ಎಎಟ್ರಾನ್ಸ್‌ಲೇಟರ್ ಅಥವಾ ವೋರ್ಡಿಯೋ ಎನ್ನುವ ಪರಿವರ್ತಕ ಇಟ್ಟುಕೊಂಡಿರ್ತಾರೆ. ಅಂದರೆ ಆ ಕಡೆಯವರ ಹತ್ತಿರ ಯಾವ ಸಾಫ್ಟ್‌ವೇರ್ ಇದೆ ಅಂತ ಮೊದಲೇ ಕೇಳಬೇಕು. ನಾನು ಕೇಳಿದ್ದೆ. ನನ್ನ ಪುಣ್ಯ, ಅದೊಂದನ್ನ ಸರಿಯಾಗಿ ಮಾಡಿದ್ದೆ.

ಮೊದಲ ದಿನ. ಎಕ್ಸ್‌ಪೋರ್ಟ್ ಕಿಟಕಿ ತೆರೆಯಿತು. ಹತ್ತು ಹನ್ನೆರಡು ಆಯ್ಕೆಗಳು. ಅರ್ಥವಾಗಿದ್ದು ನಾಲ್ಕು. ಉಳಿದದ್ದನ್ನ ಇದ್ದ ಹಾಗೇ ಬಿಟ್ಟೆ. ಒಂದು ನಿಮಿಷದಲ್ಲಿ ಎಎಎಫ್ ಫೈಲ್ ಬಂತು. ಎಷ್ಟು ಚಿಕ್ಕದು ಅಂದರೆ ಮೇಲ್‌ನಲ್ಲೇ ಹಾಕಿ ಕಳಿಸಬಹುದು. ಖುಷಿಯಾಯ್ತು. 38 ನಿಮಿಷದ ಆಡಿಯೋ ಇಷ್ಟು ಚಿಕ್ಕದಾಗಿ ಹೇಗೆ ಬಂತು ಅಂತ ಒಂದು ಕ್ಷಣವಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಮಾರನೇ ದಿನ ಫೋನ್ ಬಂತು. ಮಿಕ್ಸಿಂಗ್ ಮಾಡುವವರು ನನಗಿಂತ ತುಂಬಾ ಹಿರಿಯರು. ಬೈಯೋದಿಲ್ಲ. ಬೈದಿದ್ದರೇ ವಾಸಿ ಅನ್ನಿಸುವಷ್ಟು ಸಮಾಧಾನ.

"ಫೈಲ್ ಓಪನ್ ಆಯ್ತಮ್ಮ. ಮನೆ ನಂಬರ್ ಎಲ್ಲ ಇದೆ. ಮನೆಗಳೇ ಇಲ್ಲ."

ಎಎಎಫ್ ಎರಡು ಥರ ಬರುತ್ತೆ. ಒಂದರಲ್ಲಿ ಆಡಿಯೋ ಆ ಫೈಲ್‌ನ ಒಳಗೇ ತುಂಬಿರುತ್ತೆ, ಅದಕ್ಕೆ ಎಂಬೆಡ್ ಅಂತಾರೆ. ಇನ್ನೊಂದರಲ್ಲಿ ಎಎಎಫ್ ಬರೀ ವಿಳಾಸದ ಪಟ್ಟಿ. ಯಾವ ಕ್ಲಿಪ್ ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ ಅನ್ನೋದಷ್ಟೇ ಅದರಲ್ಲಿ. ಆಡಿಯೋ ಪಕ್ಕದ ಫೋಲ್ಡರ್‌ನಲ್ಲಿ ಬೇರೆ ಫೈಲ್‌ಗಳಾಗಿ ಕೂತಿರುತ್ತೆ. ನಾನು ಪಟ್ಟಿ ಕಳಿಸಿ ಫೋಲ್ಡರ್ ಬಿಟ್ಟಿದ್ದೆ.

ಇಲ್ಲಿ ನನಗೆ ಮೋಸ ಆಗಿದ್ದು ಇನ್ನೊಂದು ರೀತಿ. ಕಳಿಸುವ ಮೊದಲು ನಾನು ಪರೀಕ್ಷೆ ಮಾಡಿದ್ದೆ! ಖಾಲಿ ಪ್ರಾಜೆಕ್ಟ್‌ನಲ್ಲಿ ಎಎಎಫ್ ತೆರೆದು ನೋಡಿದ್ದೆ. ಎಲ್ಲ ಚೆನ್ನಾಗಿ ಕೇಳಿಸಿತ್ತು. ಕೇಳಿಸದೆ ಏನು, ಫೋಲ್ಡರ್ ಇದ್ದಿದ್ದು ನನ್ನ ಕಂಪ್ಯೂಟರಿನಲ್ಲೇ. ವಿಳಾಸ ಹುಡುಕಿಕೊಂಡು ಹೋಗಿ ಸಾಫ್ಟ್‌ವೇರ್ ಅದನ್ನ ತಾನೇ ತಂದುಕೊಂಡಿತ್ತು. ಈ ಪರೀಕ್ಷೆಯನ್ನ ಬೇರೆ ಕಂಪ್ಯೂಟರಿನಲ್ಲಿ ಮಾಡಬೇಕು. ಬೇರೆ ಇಲ್ಲದಿದ್ದರೆ ಮೂಲ ಫೈಲ್‌ಗಳಿರುವ ಹಾರ್ಡ್ ಡಿಸ್ಕ್ ಕಿತ್ತು ಪಕ್ಕಕ್ಕಿಡಿ, ಕಳಿಸುವ ಫೋಲ್ಡರನ್ನ ಬೇರೆ ಕಡೆ ಕಾಪಿ ಮಾಡಿ, ಅಲ್ಲಿಂದ ತೆರೆದು ನೋಡಿ. ಆಗಲೂ ಸದ್ದು ಬಂದರೆ ಮಾತ್ರ ಸರಿ.

ಎರಡನೇ ಸಲ ಎಚ್ಚರದಿಂದ ಮಾಡಿದೆ. ಫೋಲ್ಡರ್ ಸಮೇತ ಕಳಿಸಬೇಕು ಅಂತ ಮಾಡಿದೆ. ಎರಡು ಮೈಕ್, ಕ್ಯಾಮೆರಾದ ಸದ್ದು, ಮ್ಯೂಸಿಕ್ ಎಲ್ಲ ಸೇರಿ ಹಲವು ಜಿಬಿ ಆಯ್ತು. ಅಪ್‌ಲೋಡ್‌ಗೆ ಇಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಅರ್ಧದಲ್ಲಿ ನಿಂತಿತ್ತು. ಮತ್ತೆ ಮೊದಲಿಂದ. ಸಾವಿರಾರು ಚಿಕ್ಕ ಫೈಲ್‌ಗಳ ಫೋಲ್ಡರ್ ಆದರೆ ಜಿಪ್ ಮಾಡಿ ಒಂದೇ ಫೈಲ್ ಆಗಿ ಕಳಿಸಿ. ಇಲ್ಲದಿದ್ದರೆ ಮಧ್ಯೆ ಒಂದು ಚಿಕ್ಕ ಫೈಲ್ ಉದುರಿಹೋದರೂ ಯಾರಿಗೂ ಗೊತ್ತಾಗಲ್ಲ.

ಈ ಸಲ ಅವರು ಫೋನಿನಲ್ಲಿ ಮಾತಾಡುವ ಬದಲು ಸ್ಪೀಕರ್ ಮುಂದೆ ಫೋನ್ ಹಿಡಿದರು. ನಮ್ಮ ಗಡಿಯಾರದ ಅಜ್ಜ ಮಾತಾಡ್ತಾ ಇದ್ದರು. "ನಮ್ಮಪ್ಪ ನನಗೆ ಕಲಿಸಿದ್ದು..." ಎಂದು ಶುರುವಾಗುವ ವಾಕ್ಯ. 'ನಮ್ಮಪ್ಪ' ಎನ್ನುವ ಪದದ ಹಿಂದೆ ಒಂದು ಉಸಿರಿದೆ. ಆ ಉಸಿರಿನ ಅರ್ಧ ಮಾತ್ರ ಕೇಳಿಸಿತು. ಯಾರೋ ಗಂಟಲಲ್ಲಿ ಕತ್ತರಿಸಿದ ಹಾಗೆ.

"ಇದನ್ನ ಹಿಂದಕ್ಕೆ ಎಳೆಯೋಣ ಅಂದ್ರೆ ಎಳೆಯೋಕೆ ಏನೂ ಇಲ್ಲಮ್ಮ. ಹ್ಯಾಂಡಲ್ ಎಷ್ಟು ಕೊಟ್ಟೆ?"

"ಐದು ಸರ್."

"ಐದು ಏನು?"

ಸೆಕೆಂಡ್ ಅಂತ ಹೇಳೋಕೆ ಬಾಯಿ ತೆರೆದೆ. ಅನುಮಾನ ಬಂದು ಎಕ್ಸ್‌ಪೋರ್ಟ್ ಕಿಟಕಿ ಮತ್ತೆ ತೆರೆದು ನೋಡಿದೆ. ಆ ಖಾನೆಯಲ್ಲಿ ತುಂಬಬೇಕಾಗಿದ್ದು ಫ್ರೇಮ್ ಲೆಕ್ಕ. ನಮ್ಮದು ಸೆಕೆಂಡಿಗೆ 25 ಫ್ರೇಮ್. ಐದು ಫ್ರೇಮ್ ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಉಸಿರು ಎಳೆದುಕೊಳ್ಳೋಕೂ ಸಾಲದು.

ಹ್ಯಾಂಡಲ್ ಅಂದರೆ ನಾವು ಕತ್ತರಿಸಿದ ಜಾಗದಿಂದ ಆಚೆ ಈಚೆ ಉಳಿಸಿ ಕೊಡುವ ಆಡಿಯೋ. ಟೈಮ್‌ಲೈನ್‌ನಲ್ಲಿ ಅದು ಕಾಣಿಸಲ್ಲ, ಕೇಳಿಸಲ್ಲ. ಆದರೆ ಮಿಕ್ಸ್ ಮಾಡುವವರು ಕ್ಲಿಪ್‌ನ ಅಂಚು ಹಿಡಿದು ಎಳೆದರೆ ಸಿಗಬೇಕು. ಎರಡು ಶಾಟ್‌ಗಳ ಹಿನ್ನೆಲೆ ಸದ್ದನ್ನ ಒಂದರೊಳಗೊಂದು ಸೇರಿಸೋಕೆ, ಮಾತಿಲ್ಲದ ಕಡೆಯಿಂದ ರೂಮಿನ ಸದ್ದು ತೆಗೆದು ಖಾಲಿ ಜಾಗ ತುಂಬಿಸೋಕೆ ಅವರಿಗೆ ಬೇಕಾಗೋದು ಇದೇ. ಅವರು ಕೇಳಿದ್ದು ಕನಿಷ್ಠ ಐದು ಸೆಕೆಂಡ್. ನಮ್ಮ ಲೆಕ್ಕದಲ್ಲಿ 125 ಫ್ರೇಮ್. ಡಿಸ್ಕ್ ಜಾಗದ ಚಿಂತೆ ಇಲ್ಲದಿದ್ದರೆ ಕ್ಲಿಪ್‌ಗಳನ್ನ ಕತ್ತರಿಸದೆ ಇಡೀ ಮೂಲ ಫೈಲ್ ಕಾಪಿ ಮಾಡುವ ಆಯ್ಕೆಯೂ ಇರುತ್ತೆ. ಸಂದರ್ಶನ ಜಾಸ್ತಿ ಇರುವ ಚಿತ್ರಕ್ಕೆ ಅದೇ ಒಳ್ಳೆಯದು ಅನ್ನೋದು ಈಗ ನನ್ನ ಅಭಿಪ್ರಾಯ.

ಹ್ಯಾಂಡಲ್ ಒಂದೇ ಆಗಿದ್ದರೆ ಅವತ್ತೇ ಮುಗಿಸಬಹುದಿತ್ತು. ಅವರು ತಮ್ಮ ಸ್ಕ್ರೀನಿನ ಫೋಟೋ ಕಳಿಸಿದರು. ನನ್ನ 14 ಟ್ರ್ಯಾಕ್ ಅಲ್ಲಿ 28 ಆಗಿತ್ತು. ಪ್ರತಿ ಸ್ಟೀರಿಯೋ ಟ್ರ್ಯಾಕ್ ಎರಡು ಮೋನೋ ಆಗಿ ಒಡೆದಿತ್ತು. ಅದು ನಾನೇ ಟಿಕ್ ಹಾಕಿದ್ದ ಆಯ್ಕೆ. ಹೆಸರುಗಳೆಲ್ಲ ಆಡಿಯೋ 1, ಆಡಿಯೋ 2. ಅಜ್ಜನ ಮಾತು ಮೂರನೇ ಟ್ರ್ಯಾಕಿನಲ್ಲಿ ಶುರುವಾಗಿ, ಹತ್ತು ನಿಮಿಷದ ಮೇಲೆ ಏಳನೆಯದಕ್ಕೆ ಹೋಗಿ, ಕೊನೆಗೆ ಮ್ಯೂಸಿಕ್ ಪಕ್ಕದಲ್ಲಿ ಕೂತಿತ್ತು. ಎಡಿಟ್ ಮಾಡುವಾಗ ಜಾಗ ಸಿಕ್ಕ ಕಡೆ ಹಾಕಿದ್ದೆ. ನನಗೆ ಗೊತ್ತಿತ್ತು, ಎಲ್ಲಿ ಏನಿದೆ ಅಂತ. ಅವರಿಗೆ ಹೇಗೆ ಗೊತ್ತಾಗಬೇಕು? ಒಂದು ಕಡೆಯಂತೂ ನಾಲ್ಕು ನಿಮಿಷ ಪೂರ್ತಿ ಖಾಲಿ. ಅಲ್ಲಿ ನಾನು ಒಂದು ಸೀಕ್ವೆನ್ಸ್‌ನ (ಕ್ಲಿಪ್‌ಗಳನ್ನ ಜೋಡಿಸಿದ ಟೈಮ್‌ಲೈನ್) ಒಳಗೆ ಇನ್ನೊಂದು ಸೀಕ್ವೆನ್ಸ್ ಇಟ್ಟಿದ್ದೆ. ನೆಸ್ಟ್ ಮಾಡಿದ್ದು ಆ ಕಡೆ ತಲುಪಿರಲಿಲ್ಲ.

ಮುಂದಿನ ಎರಡು ದಿನ ಮನೆ ಗುಡಿಸುವ ಕೆಲಸ. ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದರೆ ನಿಜವಾದ ಕೆಲಸ ಇದೇ. ಎಕ್ಸ್‌ಪೋರ್ಟ್ ಬಟನ್ ಒತ್ತೋದು ಕೊನೆಯ ಒಂದು ನಿಮಿಷ.

ಮೊದಲು ಸೀಕ್ವೆನ್ಸ್‌ನ ಕಾಪಿ ಮಾಡಿಕೊಂಡೆ. ಮೂಲ ಸೀಕ್ವೆನ್ಸ್ ಮುಟ್ಟಲೇ ಇಲ್ಲ. ಕಾಪಿಯಲ್ಲಿ ನೆಸ್ಟ್ ಆಗಿದ್ದನ್ನೆಲ್ಲ ಬಿಚ್ಚಿ ಕ್ಲಿಪ್‌ಗಳನ್ನ ಹೊರಗೆ ತಂದೆ. ಹಲವು ಕ್ಯಾಮೆರಾ ಒಟ್ಟುಗೂಡಿಸಿದ ಮಲ್ಟಿಕ್ಯಾಮ್ ಕ್ಲಿಪ್‌ಗಳನ್ನ ಫ್ಲಾಟನ್ ಮಾಡಿ ಸಾದಾ ಕ್ಲಿಪ್ ಆಗಿಸಿದೆ. ಆಫ್ ಮಾಡಿಟ್ಟಿದ್ದ ಕ್ಲಿಪ್‌ಗಳು, "ಇರಲಿ, ಬೇಕಾಗಬಹುದು" ಅಂತ ತಳದಲ್ಲಿ ಬಿಟ್ಟಿದ್ದ ಹಳೇ ಪ್ರಯೋಗಗಳು, ಎಲ್ಲ ಡಿಲೀಟ್. ವೇಗ ಬದಲಾಯಿಸಿದ್ದ ಎರಡು ಕ್ಲಿಪ್ ಇದ್ದವು. ಅವನ್ನ ರೆಂಡರ್ ಮಾಡಿ ಹೊಸ ವೇವ್ ಫೈಲ್ ಮಾಡಿ ಅದೇ ಜಾಗದಲ್ಲಿ ಕೂರಿಸಿದೆ. ವೇಗದ ಬದಲಾವಣೆ ಎಎಎಫ್‌ನಲ್ಲಿ ಸರಿಯಾಗಿ ದಾಟುತ್ತೆ ಅಂತ ನಂಬಿ ಕೂರೋಕಾಗಲ್ಲ.

ಆಮೇಲೆ ಟ್ರ್ಯಾಕ್ ಜೋಡಿಸಿದೆ. ಅಜ್ಜನ ಕಾಲರ್ ಮೈಕ್ ಒಂದು ಟ್ರ್ಯಾಕ್. ಅದೇ ಮಾತಿನ ಬೂಮ್ ಮೈಕ್ (ಕೋಲಿನ ತುದಿಯಲ್ಲಿ ಹಿಡಿಯುವ ಮೈಕ್) ಅದರ ಕೆಳಗೆ. ಅವರ ಮಗಳ ಮಾತು ಬೇರೆ. ನಿರೂಪಣೆ ಬೇರೆ. ಅಂಗಡಿಯ ಹಿನ್ನೆಲೆ ಸದ್ದಿಗೆ ಎರಡು, ಗಡಿಯಾರದ ಬಿಡಿ ಸದ್ದುಗಳಿಗೆ ಎರಡು, ಮ್ಯೂಸಿಕ್‌ಗೆ ಎರಡು ಸ್ಟೀರಿಯೋ ಟ್ರ್ಯಾಕ್. ಪ್ರತಿಯೊಂದಕ್ಕೂ ಹೆಸರು. ಮಾತಿನ ಟ್ರ್ಯಾಕಿನಲ್ಲಿ ಮ್ಯೂಸಿಕ್ ಬರೋ ಹಾಗಿಲ್ಲ, ಸ್ಟೀರಿಯೋ ಮೋನೋ ಬೆರೆಯೋ ಹಾಗಿಲ್ಲ. ಕ್ಲಿಪ್ ಮೇಲೆ ಕೆಳಗೆ ಸರಿಸುವಾಗ ಒಂದು ಫ್ರೇಮ್ ಕೂಡ ಆಚೀಚೆ ಜರುಗಬಾರದು. ಎಳೆಯುವಾಗ ಶಿಫ್ಟ್ ಕೀ ಹಿಡಿದು ಬೆರಳು ನೋವು ಬಂತು.

ಎಫೆಕ್ಟ್‌ಗಳ ವಿಷಯಕ್ಕೆ ಒಂದು ಚಿಕ್ಕ ಜಗಳವೇ ಆಯ್ತು. ಅಂಗಡಿಯ ಗಲಾಟೆ ಕಡಿಮೆ ಮಾಡೋಕೆ ಅಜ್ಜನ ಮಾತಿಗೆಲ್ಲ ನಾನು ನಾಯ್ಸ್ ರಿಡಕ್ಷನ್ ಹಾಕಿದ್ದೆ. ಕೂತು ಕೂತು ಮಾಡಿದ ಕೆಲಸ. ಎಎಎಫ್‌ನಲ್ಲಿ ಇಂಥ ಎಫೆಕ್ಟ್ (ಪ್ಲಗಿನ್) ದಾಟಲ್ಲ. ಒಂದೋ ಎಫೆಕ್ಟ್ ಸೇರಿಸಿ ರೆಂಡರ್ ಮಾಡಿ ಕೊಡಬೇಕು, ಇಲ್ಲ ಕಚ್ಚಾ ಆಡಿಯೋ ಕೊಡಬೇಕು. ನಾನು ರೆಂಡರ್ ಮಾಡಿಯೇ ಕೊಡ್ತೀನಿ ಅಂದೆ.

"ನೋಡಮ್ಮ, ನೀನು ತೊಳೆದು ಕೊಟ್ಟಿದ್ದನ್ನ ನಾನು ಮತ್ತೆ ಕೊಳೆ ಮಾಡೋಕಾಗಲ್ಲ. ಕೊಳೆ ಸಮೇತ ಕೊಡು. ತೊಳೆಯೋದು ನನ್ನ ಕೆಲಸ."

ಬೇಜಾರಾಯ್ತು, ಸುಳ್ಳು ಹೇಳಲ್ಲ. ಎಲ್ಲ ಎಫೆಕ್ಟ್ ತೆಗೆದೆ. ಒಂದು ಕಡೆ ಮಾತ್ರ ಬೇಕಂತಲೇ ರೇಡಿಯೋದಿಂದ ಬಂದ ಹಾಗೆ ಮಾಡಿದ್ದೆ. ಅಲ್ಲಿ ಕಚ್ಚಾ ಕ್ಲಿಪ್ ಒಂದು ಟ್ರ್ಯಾಕ್, ನಾನು ಮಾಡಿದ್ದು ಅದರ ಕೆಳಗೆ ಇನ್ನೊಂದು ಟ್ರ್ಯಾಕ್, ಎರಡನ್ನೂ ಕೊಟ್ಟೆ. ಈ ಉಪಾಯ ಅವರಿಗೆ ಇಷ್ಟವಾಯ್ತು. ವಾಲ್ಯೂಮ್ ಏರಿಳಿತಗಳನ್ನ ಮಾತ್ರ ಹಾಗೇ ಬಿಡು ಅಂದರು. ಕ್ಲಿಪ್ ಮೇಲೆ ಹಾಕಿದ ವಾಲ್ಯೂಮ್ ಕೀಫ್ರೇಮ್‌ಗಳು (ಎಲ್ಲಿ ಎಷ್ಟು ಅಂತ ಹಾಕಿದ ಗುರುತುಗಳು) ಸಾಮಾನ್ಯವಾಗಿ ದಾಟುತ್ತವೆ. ಎಲ್ಲಿ ಮ್ಯೂಸಿಕ್ ತಗ್ಗಬೇಕು ಅಂತ ನನ್ನ ಮನಸ್ಸಿನಲ್ಲಿ ಇತ್ತು ಅನ್ನೋದು ಅದರಿಂದ ಅವರಿಗೆ ಗೊತ್ತಾಗುತ್ತೆ. ಬೇಡವಾದರೆ ಆಮದು ಮಾಡುವಾಗ ಅವರೇ ಬಿಡಬಹುದು. ಟ್ರ್ಯಾಕ್ ಮಿಕ್ಸರ್‌ನ ಫೇಡರ್‌ನಲ್ಲಿ (ಇಡೀ ಟ್ರ್ಯಾಕಿನ ವಾಲ್ಯೂಮ್ ಗುಂಡಿ) ಮಾಡಿದ್ದು ಬರುತ್ತೆ ಅಂತ ಮಾತ್ರ ಲೆಕ್ಕ ಹಾಕಬೇಡಿ.

ಎಎಎಫ್ ಜೊತೆಗೆ ಒಂದು ವಿಡಿಯೋ ಕೂಡ ಕೊಡಬೇಕು. ಅದನ್ನ ನೋಡಿಕೊಂಡೇ ಅವರು ಮಿಕ್ಸ್ ಮಾಡೋದು. ಅದರ ಮೇಲೆ ಟೈಮ್‌ಕೋಡ್ (ಗಂಟೆ:ನಿಮಿಷ:ಸೆಕೆಂಡ್:ಫ್ರೇಮ್) ಕಾಣಿಸುವ ಹಾಗೆ ಅಚ್ಚಾಗಿರಬೇಕು, ಮತ್ತೆ ನನ್ನ ಹರಕು ಮುರುಕು ಮಿಕ್ಸ್ ಅದರ ಆಡಿಯೋ ಆಗಿರಬೇಕು. ಅದು ಮಾರ್ಗದರ್ಶಿ ಟ್ರ್ಯಾಕ್. ಎಎಎಫ್‌ನಿಂದ ಬಂದ ಕ್ಲಿಪ್ ಯಾವುದಾದರೂ ಜರುಗಿದೆಯಾ ಅಂತ ಅದರ ಜೊತೆ ಹೋಲಿಸಿ ನೋಡ್ತಾರೆ.

ಚಿತ್ರದ ಮೊದಲ ಫ್ರೇಮ್ 01:00:00:00ಕ್ಕೆ ಬರಬೇಕು ಅಂದರು. ಅದಕ್ಕೆ ಸರಿಯಾಗಿ ಎರಡು ಸೆಕೆಂಡ್ ಮೊದಲು, 00:59:58:00ಕ್ಕೆ, ಒಂದೇ ಒಂದು ಫ್ರೇಮ್ ಉದ್ದದ ಬೀಪ್. 1 ಕಿಲೋಹರ್ಟ್ಸ್ ಟೋನ್. ಅದೇ ಫ್ರೇಮಿನಲ್ಲಿ ಚಿತ್ರದಲ್ಲೂ ಒಂದು ಬಿಳಿ ಮಿಂಚು. ಇದಕ್ಕೆ ಟೂ ಪಾಪ್ ಅಂತಾರೆ. ಚಿತ್ರ ಮುಗಿದು ಎರಡು ಸೆಕೆಂಡ್ ಆದ ಮೇಲೆ ಕೊನೆಯಲ್ಲೂ ಒಂದು. ಮೊದಲ ಬೀಪ್ ಕೂತು ಕೊನೆಯದು ಕೂರದಿದ್ದರೆ ಮಧ್ಯೆ ಎಲ್ಲೋ ಸಮಯ ಸೋರಿದೆ ಅಂತ ಅರ್ಥ. ಎರಡೂ ಬೀಪನ್ನ ಸೀಕ್ವೆನ್ಸ್‌ನಲ್ಲೇ ಹಾಕಿ, ಅದೇ ಸೀಕ್ವೆನ್ಸ್‌ನಿಂದ ವಿಡಿಯೋವನ್ನೂ ಎಎಎಫನ್ನೂ ತೆಗೀಬೇಕು. ಎರಡಕ್ಕೂ ಬೇರೆ ಬೇರೆ ಸೀಕ್ವೆನ್ಸ್ ಬಳಸಿದರೆ ಬೀಪ್ ಹಾಕಿಯೂ ಉಪಯೋಗ ಇಲ್ಲ.

ಆರನೇ ದಿನ ಮೂರನೇ ಎಎಎಫ್ ಹೋಯ್ತು. ಸಂಜೆ ಮೆಸೇಜ್: "ಎಲ್ಲ ಬಂದಿದೆ. ನೀಟಾಗಿದೆ." ಅವತ್ತು ನಿದ್ದೆ ಚೆನ್ನಾಗಿ ಬಂತು.

ಏಳನೇ ದಿನ: "ಲೋಲಕ ನೋಡಿದ್ಯಾ?"

ಚಿತ್ರದಲ್ಲಿ ಒಂದು ಶಾಟ್ ಇದೆ. ಗೋಡೆ ಗಡಿಯಾರದ ಲೋಲಕ ಆಡ್ತಾ ಇರುತ್ತೆ. ಅದರ ಮುಂದೆ ಅಜ್ಜ ಒಂದು ಹಲ್ಲಿನ ಚಕ್ರ ಉಜ್ಜುತ್ತಾ ಇರ್ತಾರೆ. ಕತ್ತರಿಯೇ ಇಲ್ಲದ ಉದ್ದನೆಯ ಶಾಟ್. ಶುರುವಿನಲ್ಲಿ ಲೋಲಕ ತುದಿ ಮುಟ್ಟೋದಕ್ಕೂ ಟಿಕ್ ಅನ್ನೋದಕ್ಕೂ ಸರಿಯಾಗಿ ಕೂಡುತ್ತೆ. ಶಾಟ್ ಮುಗಿಯುವ ಹೊತ್ತಿಗೆ ಟಿಕ್ ಮೊದಲು, ಲೋಲಕ ಆಮೇಲೆ. ಯಾರದ್ದೋ ಮಾತಾಗಿದ್ದರೆ ಒಂದೆರಡು ಫ್ರೇಮ್ ಹಿಂದೆ ಮುಂದೆ ಆದರೂ ಕಣ್ಣು ಕ್ಷಮಿಸುತ್ತೆ. ಗಡಿಯಾರದ ಮುಂದೆ ಕೂತು ಅದನ್ನ ಮುಚ್ಚಿಡೋಕಾಗುತ್ತಾ?

ಮಾರ್ಗದರ್ಶಿ ಟ್ರ್ಯಾಕ್‌ನಲ್ಲಿ ಸರಿಯಾಗಿತ್ತು. ಎಎಎಫ್‌ನಿಂದ ಬಂದ ಕ್ಲಿಪ್‌ನಲ್ಲಿ ಮಾತ್ರ ಜರುಗಿತ್ತು. ಒಂದು ಹಗಲು ಪೂರ್ತಿ ಸುಮ್ನೆ ಊಹೆಗಳಲ್ಲಿ ಕಳೆಯಿತು. ಫ್ರೇಮ್ ರೇಟ್ ವ್ಯತ್ಯಾಸವಾ? 23.976ಕ್ಕೂ 24ಕ್ಕೂ ಗೊಂದಲ ಆದರೆ ಗಂಟೆಗೆ 3.6 ಸೆಕೆಂಡ್ ಜಾರುತ್ತೆ. ಆದರೆ ನಮ್ಮದು ಎಲ್ಲ ಕಡೆ 25. ಸ್ಯಾಂಪಲ್ ರೇಟಾ, ಅಂದರೆ ಸೆಕೆಂಡಿಗೆ ಸದ್ದನ್ನ ಎಷ್ಟು ಸಲ ಅಳೆಯುತ್ತೆ ಅನ್ನೋದಾ? ನಮ್ಮ ಸೆಷನ್ (ಮಿಕ್ಸಿಂಗ್ ಪ್ರಾಜೆಕ್ಟ್) 48 ಕಿಲೋಹರ್ಟ್ಸ್. 44.1ರಲ್ಲಿ ರೆಕಾರ್ಡ್ ಆದ ಫೈಲನ್ನ ಪರಿವರ್ತಿಸದೆ ಅದರಲ್ಲಿ ಆಡಿಸಿದರೆ ಸುಮಾರು ಶೇ. 9ರಷ್ಟು ವೇಗವಾಗಿ, ಶ್ರುತಿ ಏರಿ ಕೇಳಿಸುತ್ತೆ. ಇಲ್ಲಿ ಶ್ರುತಿ ಸರಿಯಾಗಿಯೇ ಇತ್ತು.

ಕೊನೆಗೆ ಕಾರಣ ಸಿಕ್ಕಿದ್ದು ಆ ಶಾಟ್ ತೆಗೆದ ಕ್ಯಾಮೆರಾದಲ್ಲಿ. ಅಂದರೆ, ಕ್ಯಾಮೆರಾ ಅಲ್ಲವೇ ಅಲ್ಲ, ನನ್ನ ಫೋನ್! ಅಂಗಡಿಯ ಮೂಲೆಯಲ್ಲಿ ದೊಡ್ಡ ಕ್ಯಾಮೆರಾ ಹಿಡಿಸಲಿಲ್ಲ ಅಂತ ನಾಲ್ಕು ಶಾಟ್ ಫೋನಿನಲ್ಲಿ ತೆಗೆದಿದ್ದೆ. ಫೋನುಗಳು ಸಾಮಾನ್ಯವಾಗಿ ಫ್ರೇಮ್ ರೇಟನ್ನ ಒಂದೇ ಸಮ ಇಡಲ್ಲ. ಬೆಳಕು ಕಡಿಮೆಯಾದರೆ, ಫೋನ್ ಬಿಸಿಯಾದರೆ ಸೆಕೆಂಡಿಗೆ ಒಂದೆರಡು ಫ್ರೇಮ್ ಜಾಸ್ತಿ ಕಡಿಮೆ ಮಾಡಿಕೊಳ್ಳುತ್ತೆ. ಇದಕ್ಕೆ ವೇರಿಯಬಲ್ ಫ್ರೇಮ್ ರೇಟ್ ಅಂತಾರೆ. ಎಡಿಟಿಂಗ್ ಟೈಮ್‌ಲೈನ್‌ನಲ್ಲಿ ಹೇಗೋ ಹೊಂದಿಕೊಂಡು ಓಡುತ್ತೆ. ಎಎಎಫ್‌ಗೆ ಹೋಗುವಾಗ ಕ್ಲಿಪ್‌ನ ಜಾಗವನ್ನ ಸಮ ಫ್ರೇಮ್‌ಗಳ ಲೆಕ್ಕದಲ್ಲಿ ಬರೆದಾಗ ತಾಳ ತಪ್ಪುತ್ತೆ.

ಫೋನಿನಲ್ಲಿ ತೆಗೆದದ್ದನ್ನ ಎಡಿಟ್ ಶುರು ಮಾಡುವ ಮೊದಲೇ ಕಾನ್‌ಸ್ಟಂಟ್ ಫ್ರೇಮ್ ರೇಟ್‌ಗೆ ಬದಲಾಯಿಸಿಕೊಳ್ಳಬೇಕು. ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲೇ ಆ ಆಯ್ಕೆ ಇದೆ. ನಾನು ಮಾಡಿದ್ದು ಎಡಿಟ್ ಮುಗಿದ ಮೇಲೆ. ನಾಲ್ಕೂ ಕ್ಲಿಪ್ ಬದಲಾಯಿಸಿ, ರಿಲಿಂಕ್ ಮಾಡಿ, ಪ್ರತಿ ಕತ್ತರಿಯೂ ಮೊದಲಿದ್ದ ಫ್ರೇಮಿನಲ್ಲೇ ಇದೆಯಾ ಅಂತ ಒಂದೊಂದಾಗಿ ನೋಡಿದೆ. ಮೂರು ಕಡೆ ಇರಲಿಲ್ಲ. ಕೈಯಿಂದ ಸರಿ ಮಾಡಿದೆ. ಎರಡು ದಿನ ಹೋಯ್ತು.

ನಾಲ್ಕನೇ ಎಎಎಫ್ ಕಳಿಸುವಾಗ ಅವರೇ ಒಂದು ಬುದ್ಧಿ ಹೇಳಿದರು. ಇಡೀ ಚಿತ್ರ ಬೇಡ, ಮೊದಲು ಎರಡು ನಿಮಿಷ ಕಳಿಸು. ಲೋಲಕದ ಶಾಟ್, ಒಂದು ಸಂದರ್ಶನ, ಒಂದು ಮ್ಯೂಸಿಕ್ ತುಣುಕು, ನೆಸ್ಟ್ ಬಿಚ್ಚಿದ ಒಂದು ಜಾಗ, ಇಷ್ಟನ್ನ ಒಟ್ಟಿಗೆ ಹಾಕಿ. ಹತ್ತು ನಿಮಿಷದಲ್ಲಿ ಅಪ್‌ಲೋಡ್, ಅರ್ಧ ಗಂಟೆಯಲ್ಲಿ ಉತ್ತರ. ಎಲ್ಲ ಸರಿ ಇತ್ತು. ಮೊದಲ ದಿನವೇ ಇದನ್ನ ಮಾಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಪೂರ್ತಿ ಪ್ರಾಜೆಕ್ಟ್ ಹೋಗಿ, ಹನ್ನೊಂದನೇ ದಿನ "ಈಗ ಕೆಲಸ ಶುರು ಮಾಡ್ತೀನಮ್ಮ" ಅಂದರು.

ಖರ್ಚಿನ ಮಾತು ಇಲ್ಲೇ ಹೇಳಿಬಿಡ್ತೀನಿ. ಸಾಫ್ಟ್‌ವೇರ್‌ಗೆ ನಾನು ಹೊಸದಾಗಿ ಏನೂ ಕೊಡಲಿಲ್ಲ. ಖರ್ಚಾಗಿದ್ದು ಅವರ ಸಮಯ. ಅವರದು ದಿನದ ಲೆಕ್ಕ. ನನ್ನ ಎರಡನೇ ಮತ್ತು ಮೂರನೇ ಎಎಎಫ್ ಬಿಡಿಸಿ ನೋಡೋಕೆ ಅವರಿಗೆ ಹೆಚ್ಚು ಕಡಿಮೆ ಎರಡು ದಿನ ಹಿಡಿಯಿತು. ಒಂದು ದಿನದ್ದನ್ನ ಅವರೇ ಬಿಟ್ಟರು, ಇನ್ನೊಂದರದ್ದು ನಾನು ಕೊಟ್ಟೆ. ಆ ದುಡ್ಡಿನಲ್ಲಿ ಒಂದು ದಿನ ಜಾಸ್ತಿ ಮಿಕ್ಸಿಂಗೇ ಮಾಡಿಸಬಹುದಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಅವರು ಕೆಲಸ ಶುರು ಮಾಡಿ ಎರಡು ದಿನ ಆಗಿತ್ತು. ನಮ್ಮ ನಿರ್ದೇಶಕರಿಗೆ ಒಂದು ಶಾಟ್ ಬೇಡ ಅನ್ನಿಸಿತು. ಪಿಕ್ಚರ್ ಲಾಕ್, ಅಂದರೆ ಇನ್ನು ಎಡಿಟ್ ಬದಲಾಗಲ್ಲ ಅಂತ ಎಲ್ಲರೂ ಒಪ್ಪಿ ಆಗಿತ್ತು. ಆದರೂ "ಒಂದೇ ಶಾಟ್ ತಾನೇ?" ಅಂದರು. ಮೂರು ಸೆಕೆಂಡ್, 12 ಫ್ರೇಮ್. ನಮಗೆ ಒಂದೇ ಶಾಟ್. ಮಿಕ್ಸ್ ಮಾಡುವವರಿಗೆ ಆ ಜಾಗದಿಂದ ಮುಂದಿರುವ ಪ್ರತಿಯೊಂದು ಕ್ಲಿಪ್, ಪ್ರತಿಯೊಂದು ಆಟೋಮೇಷನ್ (ವಾಲ್ಯೂಮ್‌ನಂಥ ಏರಿಳಿತಗಳ ದಾಖಲೆ) 87 ಫ್ರೇಮ್ ಹಿಂದಕ್ಕೆ ಬರಬೇಕು.

ಹೊಸ ಎಎಎಫ್ ಕಳಿಸ್ತೀನಿ ಅಂದೆ. ಬೇಡ ಅಂದರು. ಹೊಸದು ಹಾಕಿದರೆ ಅವರು ಮಾಡಿದ್ದೆಲ್ಲ ಅದರಲ್ಲಿ ಇರಲ್ಲ. ದೊಡ್ಡ ಚಿತ್ರಗಳಲ್ಲಿ ಹೀಗೆ ನೂರಾರು ಬದಲಾವಣೆ ಬರುತ್ತವೆ, ಹಳೆಯ ಮತ್ತು ಹೊಸ ಇಡಿಎಲ್ (ಎಡಿಟ್‌ನ ಕತ್ತರಿಗಳ ಪಟ್ಟಿ) ಹೋಲಿಸಿ ಸೆಷನ್ ಹೊಂದಿಸೋಕೆ ಕನ್‌ಫಾರ್ಮಲೈಸರ್‌ನಂಥ ಸಾಫ್ಟ್‌ವೇರ್ ಬಳಸ್ತಾರೆ. ನಮ್ಮದು ಒಂದೇ ಕತ್ತರಿ. ಹಾಗಾಗಿ ನಾನು ಒಂದು ಸಾಲು ಬರೆದು ಕಳಿಸಿದೆ: "01:21:14:08ರಿಂದ 87 ಫ್ರೇಮ್ ತೆಗೆದಿದೆ." ಜೊತೆಗೆ ಹೊಸ ವಿಡಿಯೋ, ಫೈಲ್ ಹೆಸರಿನಲ್ಲಿ ವಿ5 ಅಂತ. ಅವರು ಎಲ್ಲ ಟ್ರ್ಯಾಕ್ ಸೇರಿಸಿ ಅಷ್ಟನ್ನ ಕತ್ತರಿಸಿ ಹಿಂದಕ್ಕೆ ಎಳೆದರು. ಮ್ಯೂಸಿಕ್ ಅಲ್ಲಿ ಎಡವಿತು. ಎಡವಲೇಬೇಕಲ್ಲ, ತಾಳದ ಮಧ್ಯದಿಂದ ಮೂರೂವರೆ ಸೆಕೆಂಡ್ ಹೋಗಿದೆ. ಆ ಒಂದು ಜಾಗ ಸರಿ ಮಾಡೋಕೆ ಅರ್ಧ ದಿನ ಹಿಡಿಯಿತು. ನಿರ್ದೇಶಕರಿಗೆ ಈ ಲೆಕ್ಕ ಹೇಳಿದೆ. ಅವರು ಆಮೇಲೆ ಏನೂ ಕೇಳಲಿಲ್ಲ.

ವಾಪಸ್ ಬರುವ ದಾರಿ ಸುಲಭ. ಅವರು ನಾಲ್ಕು ವೇವ್ ಫೈಲ್ ಕೊಟ್ಟರು, 48 ಕಿಲೋಹರ್ಟ್ಸ್, 24 ಬಿಟ್. ಪೂರ್ತಿ ಮಿಕ್ಸ್ ಒಂದು. ಮಾತು, ಮ್ಯೂಸಿಕ್, ಸದ್ದುಗಳು ಬೇರೆ ಬೇರೆಯಾಗಿ ಮೂರು. ಇವಕ್ಕೆ ಸ್ಟೆಮ್ ಅಂತಾರೆ. ಸ್ಟೆಮ್ ಮೊದಲೇ ಕೇಳಿ ತಗೊಳ್ಳಿ. ನಾಳೆ ಬೇರೆ ಭಾಷೆಯಲ್ಲಿ ನಿರೂಪಣೆ ಹಾಕಬೇಕು ಅಂದರೆ, ಟ್ರೇಲರ್ ಮಾಡಬೇಕು ಅಂದರೆ ಅವು ಇಲ್ಲದೆ ಆಗಲ್ಲ. ನಾಲ್ಕೂ ಫೈಲ್‌ನಲ್ಲಿ ಟೂ ಪಾಪ್ ಇತ್ತು. ಬೀಪಿನ ಮೇಲೆ ಬೀಪ್ ಕೂರಿಸಿದೆ, ಕೊನೆಗೆ ಹೋಗಿ ನೋಡಿದೆ, ಅಲ್ಲೂ ಫ್ರೇಮಿಗೆ ಫ್ರೇಮ್ ಕೂತಿತ್ತು.

ಪ್ಲೇ ಒತ್ತಿದೆ. ಅಜ್ಜ ಡಬ್ಬಿಯೊಳಗಿಂದ ಮಾತಾಡಿದ ಹಾಗೆ ಕೇಳಿಸಿತು! ಎದೆ ಧಸಕ್ ಅಂತು. ಫೋನ್ ಮಾಡೋಕೆ ಹೋಗಿ ನಿಲ್ಲಿಸಿದೆ. ನನ್ನ ಹಳೇ ಟ್ರ್ಯಾಕ್‌ಗಳನ್ನ ಮ್ಯೂಟ್ ಮಾಡಿರಲಿಲ್ಲ. ಒಂದೇ ಮಾತು ಎರಡು ಸಲ, ಒಂದರ ಮೇಲೊಂದು ಓಡ್ತಾ ಇತ್ತು. ಮ್ಯೂಟ್ ಮಾಡಿದೆ, ಸರಿಹೋಯ್ತು.

ಆಮೇಲೆ ಸದ್ದು ಕಡಿಮೆ ಅನ್ನಿಸಿತು. ನನ್ನ ಮಿಕ್ಸ್ ಇದಕ್ಕಿಂತ ಜೋರಾಗಿತ್ತು. ಸುಮ್ನೆ 6 ಡೆಸಿಬಲ್ ಏರಿಸಿದೆ. ಮೀಟರ್ ಕೆಂಪಾಯ್ತು. ಈ ಸಲ ಫೋನ್ ಮಾಡಿಯೇ ಬಿಟ್ಟೆ. ಅವರು ಮಿಕ್ಸ್ ಮಾಡಿದ್ದು ಇಬಿಯು ಆರ್128 ಅಳತೆಗೆ. ಪ್ರಸಾರಕ್ಕೆ ಬಳಸುವ ಅಳತೆ ಅದು, ಒಟ್ಟು ಸರಾಸರಿ ಮೈನಸ್ 23 ಎಲ್‌ಯುಎಫ್‌ಎಸ್ (ಸದ್ದು ಎಷ್ಟು ಜೋರು ಅಂತ ಅಳೆಯುವ ಮಾನ). ನಾವು ಕಳಿಸಬೇಕಿದ್ದ ಕಡೆ ಕೇಳಿದ್ದೂ ಅದನ್ನೇ. "ನಿನ್ನ ಸ್ಪೀಕರ್ ಏರಿಸಿಕೋ, ಫೇಡರ್ ಮುಟ್ಟಬೇಡ" ಅಂದರು. ಏರಿಸಿಕೊಂಡೆ. ಅಳತೆ ಯಾವುದು ಬೇಕು ಅಂತ ಮಿಕ್ಸಿಂಗ್ ಶುರುವಾಗುವ ಮೊದಲೇ ಬರೆದು ಕೊಡಿ. ಆನ್‌ಲೈನ್‌ಗೆ ಒಂದು, ಪ್ರಸಾರಕ್ಕೆ ಒಂದು ಅಂತ ಎರಡು ಬೇಕಿದ್ದರೆ ಅದನ್ನೂ ಆಗಲೇ ಹೇಳಿ.

ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಒಬ್ಬಳೇ ಕೂತು ಪೂರ್ತಿ ನೋಡಿದೆ. ಲೋಲಕದ ಶಾಟ್ ಬಂದಾಗ ಉಸಿರು ಬಿಗಿಹಿಡಿದು ಕೊನೆಯ ಟಿಕ್‌ವರೆಗೂ ಎಣಿಸಿದೆ. ಕೂಡಿತ್ತು. ಆಮೇಲೆ ಸಂದರ್ಶನ. 'ನಮ್ಮಪ್ಪ' ಅನ್ನುವ ಮೊದಲು ಅಜ್ಜ ಪೂರ್ತಿ ಒಂದು ಉಸಿರು ಎಳೆದುಕೊಂಡರು. ಅದರ ಹಿಂದೆ, ತುಂಬಾ ದೂರದಲ್ಲಿ, ಅಂಗಡಿಯ ಯಾವುದೋ ಗಡಿಯಾರ ಒಂದು ಗಂಟೆ ಹೊಡೆಯಿತು. ನನ್ನ ಎಡಿಟ್‌ನಲ್ಲಿ ಆ ಗಂಟೆ ಇರಲೇ ಇಲ್ಲ. ಎಲ್ಲಿಂದ ತಂದಿರಿ ಅಂತ ಮೆಸೇಜ್ ಮಾಡಿದೆ.

"ಹ್ಯಾಂಡಲ್‌ನಲ್ಲಿತ್ತಮ್ಮ" ಅಂತ ಉತ್ತರ ಬಂತು.